ಬಿಕ್ಕಳಿಕೆಯೂ ಬೆದರಿಕೆಯೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಬಿಕ್ಕಳಿಕೆಯಂಥ ಅಲ್ಪ ವಿಷಯವನ್ನು ಕುರಿತು ಬರೆಯುವದುಂಟೇ ಎಂದು ವಾಚಕರು ನಗಬಹುದು. ನಗುವದಕ್ಕೆ ನಮ್ಮ ಅಡ್ಡಿಯಿಲ್ಲ, ವಿಷಯವೇ ನಗುವಂಥದು. ಆದರೆ ಮಕ್ಕಳ ವಿಷಯದಲ್ಲಿ ಹಿರಿಯರ ಮನಸ್ಸು ಎಂಥದೆಂಬದು ದೊಡ್ಡ ಸಂಗತಿಗಳಿಗಿಂತ ಇಂಥ ಸಣ್ಣ ಸಂಗತಿಗಳಲ್ಲಿಯೇ ಹೆಚ್ಚಾಗಿ ಹೊರಬೀಳುವದೆಂದು ನಾವು ಕಂಡುಕೊಂಡಿದ್ದೇವೆ. ಆದಕಾರಣ ಎರಡು ಮಾತು ಬರೆಯಲು ಧೈರ್ಯಮಾಡುತ್ತೇವೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ಸೀಮೆಗಳ ಯಾವ ಮನೆಯಲ್ಲಾದರೂ ಮಗುವಿಗೆ ಬಿಕ್ಕಳಿಕೆ ಬಂದರೆ ಹಿರಿಯರ ಬಾಯಿಂದ ಎರಡು ಮಾತುಗಳಲ್ಲಿ ಒಂದು ಹೊರಡುವದು. 'ಯಾರೋ ನಿನ್ನನ್ನು ನೆನಸಿಕೊಂಡರು' ಎಂಬದು ಒಂದು. 'ಏನು ಕದ್ದು ತಿಂದೆ?' ಎಂಬದು ಇನ್ನೊಂದು. ಮೊದಲನೆಯದು ಪ್ರೀತಿಯ ಮಾತು; ಎರಡನೆಯದು ಬೆದರಿಸಿ ಬಿಕ್ಕಳಿಕೆಯನ್ನು ನಿಲ್ಲಿಸುವ ಉಪಾಯ. ಈ ಎರಡರಲ್ಲಿ ಯಾವದನ್ನು ಆರಿಸಿಕೊಳ್ಳತಕ್ಕದ್ದೆಂಬದೇ ಈ ಲೇಖನದ ವಿಚಾರ.

ಮೊದಲು ನಮ್ಮ ಅನುಭವಗಳನ್ನು ಹೇಳುವೆವು. ೨೦೨೫ರಲ್ಲಿ ಸಿಗಂದೂರಿನ ಸೇತುವೆ ತೆರೆಯುವದಕ್ಕೆ ಮುಂಚೆ ಜನರು ಹೊಳೆಬಾಗಿಲಿನಲ್ಲಿ ಶರಾವತಿಯ ಹಿನ್ನೀರನ್ನು ಲಾಂಚಿನಲ್ಲಿ ದಾಟುತ್ತಿದ್ದರು. ತುಮರಿಯ ಕಡೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿ ಹಿಂದಿರುಗುವಾಗ ನಡುನೀರಿನಲ್ಲಿ ನಮಗೆ ಬಿಕ್ಕಳಿಕೆ ಹತ್ತಿತು. ಲಾಂಚಿನಲ್ಲಿದ್ದವರೆಲ್ಲರೂ ಆ ಕ್ಷಣವೇ ವೈದ್ಯರಾದರು. ಒಬ್ಬ ಅಜ್ಜಿಯು ಉಸಿರುಬಿಡದೆ ಏಳು ಗುಟುಕು ನೀರು ಕುಡಿಯಹೇಳಿದಳು. ಒಬ್ಬ ಯುವಕನು ಮೂಗು ಹಿಡಿದುಕೊಳ್ಳಿರೆಂದನು. ಅಡಿಕೆ ವ್ಯಾಪಾರಿಯೊಬ್ಬರು, "ಅಕ್ಕೋರೇ, ಎಲ್ಲಾದರೂ ಸಾಲ ತೀರಿಸುವದು ಉಳಿದಿದೆಯೋ ನೋಡಿ, ಕೊಟ್ಟವರು ನೆನಸಿಕೊಳ್ಳುತ್ತಿರಬೇಕು" ಎಂದರು. ಕಡೆಗೆ ಹಿಂದಿನಿಂದ ಯಾರೋ, "ಅಯ್ಯೋ ಅಕ್ಕೋರೇ, ನಿಮ್ಮ ಚೀಲ ನೀರಿಗೆ ಬಿತ್ತು!" ಎಂದು ಕೂಗಿದರು. ಆ ಚೀಲದಲ್ಲಿ ಎಂಟನೆಯ ತರಗತಿಯ ಉತ್ತರಪತ್ರಿಕೆಗಳಿದ್ದವು. ನಮಗೆ ಹೆದರಿಕೆಯಾಗುವದಕ್ಕೆ ಬದಲಾಗಿ ಒಂದು ಕ್ಷಣ ಸಮಾಧಾನವೇ ಆಯಿತೆಂಬದನ್ನು ಮುಚ್ಚಿಡಲಾರೆವು. ಬಿಕ್ಕಳಿಕೆಯಂತೂ ನಿಲ್ಲಲಿಲ್ಲ. ಲಾಂಚು ದಡಕ್ಕೆ ಬರುವಷ್ಟರಲ್ಲಿ ಅದು ತಾನಾಗಿ ಅಡಗಿತು. ನಾಲ್ವರು ವೈದ್ಯರೂ ತಂತಮ್ಮ ಮದ್ದಿನಿಂದಲೇ ಅಡಗಿತೆಂದು ಸಂತೋಷಪಟ್ಟು ಇಳಿದುಹೋದರು.

ಇನ್ನೊಂದು ಅನುಭವವು ನಾವು ಹತ್ತು ವರ್ಷದವರಾಗಿ ಒಂದು ಬೋರ್ಡಿಂಗಿನಲ್ಲಿದ್ದ ಕಾಲದ್ದು. ಊಟದ ಪಂಕ್ತಿಯಲ್ಲಿ ನಮಗೆ ಬಿಕ್ಕಳಿಕೆ ಬಂದಾಗ ಮೇಲ್ವಿಚಾರಕಿಯೊಬ್ಬರು ಎಲ್ಲರ ಎದುರಿನಲ್ಲಿ, "ಭರಣಿಯ ಅಪ್ಪೆಮಿಡಿ ಕದ್ದವಳು ನೀನೇ ಅಲ್ಲವೇ?" ಎಂದು ಗದರಿದರು. ನಮ್ಮ ಕೈಯ ತುತ್ತು ಕೈಯಲ್ಲೇ ಉಳಿಯಿತು. ಬಿಕ್ಕಳಿಕೆ ಥಟ್ಟನೆ ನಿಂತಿತು. ಅವರು ನಕ್ಕು, ಇದು ಔಷಧಕ್ಕಾಗಿ ಹೇಳಿದ ಮಾತೆಂದರು. ಆದರೆ ಆ ವರ್ಷವೆಲ್ಲಾ ಜೊತೆಯ ಹುಡುಗಿಯರು ನಮ್ಮನ್ನು 'ಮಿಡಿ' ಎಂದೇ ಕರೆದರು. ಬಿಕ್ಕಳಿಕೆ ನಿಂತಿತು, ಹೆಸರು ನಿಲ್ಲಲಿಲ್ಲ. ಈಗ ಅದನ್ನು ನೆನಸಿ ನಾವೂ ನಗುತ್ತೇವೆ, ಆಗ ನಗಲಿಲ್ಲ.

ಬಿಕ್ಕಳಿಕೆ ಎಂದರೇನು? ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ನಮ್ಮ ಅಪ್ಪಣೆಯಿಲ್ಲದೆ ಒಮ್ಮೆಗೇ ಕುಗ್ಗಿದಾಗ ಗಾಳಿಯು ರಭಸದಿಂದ ಒಳನುಗ್ಗುವದು. ಕೂಡಲೇ ಗಂಟಲಿನ ಧ್ವನಿದ್ವಾರವು ಮುಚ್ಚಿಕೊಳ್ಳುವದು. ಆಗ ಹುಟ್ಟುವ ಸದ್ದೇ ಬಿಕ್ಕಳಿಕೆ. ಅವಸರದ ಊಟ, ಖಾರ, ಅತಿಯಾದ ನಗು, ಮನಸ್ಸಿನ ಉದ್ವೇಗ ಇವೆಲ್ಲಾ ಅದಕ್ಕೆ ಕಾರಣಗಳು. ತಾಯಿಯ ಗರ್ಭದಲ್ಲಿರುವ ಶಿಶುವೂ ಬಿಕ್ಕಳಿಸುವದು. ಗರ್ಭದ ಶಿಶುವು ಯಾವ ಭರಣಿಗೆ ಕೈಹಾಕಿತು? ಅಮೇರಿಕದ ಐಯೋವಾ ಪ್ರಾಂತದ ಚಾರ್ಲ್ಸ್ ಆಸ್ಬರ್ನ್ ಎಂಬವರು ೧೯೨೨ರಿಂದ ೧೯೯೦ರ ವರೆಗೆ, ಅಂದರೆ ೬೮ ವರ್ಷ, ಬಿಕ್ಕಳಿಸಿದರು. ಅದು ಕದ್ದು ತಿಂದುದರ ಫಲವಾಗಿದ್ದರೆ ಅವರು ಒಂದು ಊರಿನ ಉಗ್ರಾಣವನ್ನೇ ಬರಿದು ಮಾಡಿರಬೇಕು!

ಬೆದರಿಸುವದು ಶಾಸ್ತ್ರದಲ್ಲಿಯೂ ಇದೆಯಲ್ಲಾ ಎಂದು ತಿಳಿದವರು ಹೇಳಬಹುದು. ಇರುವದು ನಿಜ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಐದು ಬಗೆಯ ಹಿಕ್ಕೆಗಳನ್ನು ಹೇಳಿದೆ. ಅವುಗಳಲ್ಲಿ ಅನ್ನಪಾನಗಳ ದೆಸೆಯಿಂದ ಬರುವದಕ್ಕೆ ಅನ್ನಜಾ ಎಂದು ಹೆಸರು. ಹಿಕ್ಕೆಯನ್ನು ತಪ್ಪಿಸುವ ಉಪಾಯಗಳಲ್ಲಿ ತಟ್ಟನೆ ತಣ್ಣೀರು ಚಿಮುಕಿಸುವದನ್ನೂ ಭಯವನ್ನೂ ಹೇಳಿರುವದು. ಆದರೆ ಅದೇ ಸಾಲಿನಲ್ಲಿ ಬೆರಗನ್ನೂ ಹರ್ಷವನ್ನೂ ಹೇಳಿರುವದೆಂಬದನ್ನು ನಾವು ಮರೆಯುತ್ತೇವೆ. ಬೆರಗೂ ಹರ್ಷವೂ ಮಾಡುವ ಕೆಲಸಕ್ಕೆ ಭಯವನ್ನೇ ಏಕೆ ಕರೆಯಬೇಕು? ಭಯವು ಕೈಗೆ ಸುಲಭವಾಗಿ ಸಿಕ್ಕುವದು, ಅಷ್ಟೇ. ಮಗುವನ್ನು ಬೆರಗುಗೊಳಿಸುವದಕ್ಕೆ ಸ್ವಲ್ಪ ಯೋಚನೆ ಬೇಕು, ಗದರುವದಕ್ಕೆ ಬೇಡ.

ನಮ್ಮ ಶಾಲೆಯಲ್ಲಿ ತಪಾಸಣೆಯ ದಿನ ತೀರ್ಥಹಳ್ಳಿಯ ಕಡೆಯ ಒಬ್ಬ ಹುಡುಗಿಯು ಪದ್ಯ ಹೇಳಲು ಎದ್ದು ನಿಂತೊಡನೆ ಬಿಕ್ಕಳಿಸಲಾರಂಭಿಸಿದಳು. ತರಗತಿಯೆಲ್ಲಾ ಕಿಸಕ್ಕೆಂದಿತು. ಗಣಿತದ ಉಪಾಧ್ಯಾಯಿನಿಯು ಶಾಂತವಾಗಿ, "ಪದ್ಯ ಹಾಗಿರಲಿ ಮಗಳೇ, ನೂರರಿಂದ ಏಳೇಳು ಕಳೆಯುತ್ತಾ ಬಾ ನೋಡುವ" ಎಂದರು. ೯೩, ೮೬, ೭೯ ಎಂದು ಬಿಕ್ಕುತ್ತಲೇ ಹೊರಟವಳು ೫೮ಕ್ಕೆ ಬರುವಷ್ಟರಲ್ಲಿ ಬಿಕ್ಕಳಿಕೆಯೂ ಇಲ್ಲ, ನಾಚಿಕೆಯೂ ಇಲ್ಲ. ೫೧ರ ಮುಂದೆ ತಪ್ಪಿದಳು. ನಗುತ್ತಿದ್ದ ತರಗತಿಯೇ ಒಟ್ಟಾಗಿ ಕೂಗಿ ತಿದ್ದಿತು. ಅಧಿಕಾರಿಗಳೂ ನಕ್ಕರು. ಇಂಥ ಔಷಧದಿಂದ ಯಾರಿಗೂ ಅಡ್ಡಹೆಸರು ಬರಲಿಲ್ಲ.

ಒಂದು ಚಿಕ್ಕ ತಮಾಷೆಗೆ ಇಷ್ಟು ದೊಡ್ಡ ಮಾತೇಕೆಂದು ಕೇಳುವಿರಾದರೆ, ತಮಾಷೆಯು ಎಲ್ಲಾ ಮಕ್ಕಳಿಗೂ ಒಂದೇ ತೂಕದ್ದಲ್ಲವೆಂಬದೇ ನಮ್ಮ ಉತ್ತರ. ಕಣಜ ತುಂಬಿದ ಮನೆಯ ಮಗಳಿಗೆ 'ಏನು ಕದ್ದೆ?' ಎಂಬದು ನಗೆಯ ಮಾತು. ಇನ್ನೊಬ್ಬರ ಸಹಾಯದಿಂದ ಓದುತ್ತಾ, ಇನ್ನೊಬ್ಬರ ಮನೆಯಲ್ಲಿ ಉಣ್ಣುತ್ತಾ ಇರುವ ಮಗುವಿಗೆ ಅದು ನಗೆಯ ಮಾತಲ್ಲ. ತನ್ನ ತಟ್ಟೆಯ ಕಡೆಗೆ ಯಾರೋ ನೋಡುತ್ತಿದ್ದಾರೆಂಬ ಅಳುಕು ಅದಕ್ಕೆ ಮೊದಲೇ ಇರುವದು. ಸುಳ್ಳು ಆರೋಪವು ಆ ಅಳುಕನ್ನು ನಿಜಮಾಡುವದು. ಅಲ್ಲದೆ, ಸತ್ಯವನ್ನೇ ಹೇಳಬೇಕೆಂದು ದಿನವೂ ಬೋಧಿಸುವ ನಾವು ಔಷಧದ ನೆವದಿಂದ ಸುಳ್ಳು ದೂರು ಹೊರಿಸಿದರೆ ಮಕ್ಕಳು ನಮ್ಮಿಂದ ಕಲಿಯುವದೇನು?

ಆದ್ದರಿಂದ ತಂದೆತಾಯಿಗಳಿಗೆ ನಮ್ಮ ವಿನಂತಿ ಇಷ್ಟೇ. ಬಿಕ್ಕಳಿಕೆಯು ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತಾನೇ ನಿಲ್ಲುವದು. ದೊಡ್ಡ ಮಕ್ಕಳು ಸ್ವಲ್ಪ ಹೊತ್ತು ಉಸಿರು ಹಿಡಿಯಲಿ, ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿಯಲಿ, ಇಲ್ಲವೆ ಒಂದು ಚಮಚ ಸಕ್ಕರೆ ತಿನ್ನಲಿ. ೧೯೭೧ರಲ್ಲಿ ಅಮೇರಿಕದ ವೈದ್ಯರು ಪ್ರಕಟಿಸಿದ ಒಂದು ಸಣ್ಣ ಪರೀಕ್ಷೆಯಲ್ಲಿ ಒಣ ಸಕ್ಕರೆ ನುಂಗಿದ ೨೦ ಮಂದಿಯಲ್ಲಿ ೧೯ ಮಂದಿಗೆ ಬಿಕ್ಕಳಿಕೆ ನಿಂತಿತು. ಹಸುಗೂಸಿಗೆ ಇದಾವದೂ ಬೇಡ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪವನ್ನಂತೂ ಕೊಡಲೇಬಾರದು. ೪೮ ಗಂಟೆ ಕಳೆದರೂ ಬಿಕ್ಕಳಿಕೆ ನಿಲ್ಲದಿದ್ದರೆ ಮನೆಮದ್ದನ್ನು ಬಿಟ್ಟು ವೈದ್ಯರ ಬಳಿಗೆ ಹೋಗತಕ್ಕದ್ದು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಉಪಾಧ್ಯಾಯಿನಿಯರು. ಮಗುವು ಬಿಕ್ಕಳಿಸಿದಾಗ ನಮ್ಮ ಅಜ್ಜಿಯರ ಆ ಎರಡು ಮಾತುಗಳಲ್ಲಿ ಮೊದಲನೆಯದನ್ನೇ ಆಡಿರಿ. ಅದಕ್ಕೆ ಶಾಸ್ತ್ರದ ಆಧಾರವಿಲ್ಲದಿದ್ದರೂ ತಾನು ಯಾರಿಗೋ ಬೇಕಾದವಳೆಂದು ಮಗುವಿಗೆ ತಿಳಿಯುವದು. ನೆನಸಿಕೊಂಡವರು ಯಾರೆಂದು ಹೆಸರು ಎಣಿಸುವಷ್ಟರಲ್ಲಿ ಬಿಕ್ಕಳಿಕೆ ಮರೆತುಹೋಗುವದೂ ಉಂಟು. ನಿಮಗೇ ಬಿಕ್ಕಳಿಕೆ ಬಂದ ದಿನ, ಆ ಹೆಸರುಗಳ ಕೊನೆಯಲ್ಲಿ ನಿಮ್ಮ ಶಾಲೆಯ ಹೆಸರನ್ನೂ ಒಮ್ಮೆ ಹೇಳಿ ನೋಡಿರಿ. ನಿಂತರೆ ನಮಗೆ ಸಂತೋಷ. ನಿಲ್ಲದಿದ್ದರೆ ಸಕ್ಕರೆಯ ಡಬ್ಬಿ ಇದ್ದೇ ಇದೆ.