ಮೈಯ ತೂಕವೂ ಮನುಷ್ಯನ ಮಾನವೂ

2022ನೆಯ ಇಸವಿಯ ಮೇ ತಿಂಗಳಿನಲ್ಲಿ ಚೇತನಾ ರಾಜ್ ಎಂಬ ಕಿರುತೆರೆಯ ನಟಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯಿಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಅದರ ಬೆನ್ನಿಗೇ ಅಸುನೀಗಿದರು. ಆಕೆಯ ವಯಸ್ಸು 21. ತಪ್ಪು ಯಾರದೆಂದು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಎಳೆಯ ವಯಸ್ಸಿನವರಿಗೆ ತಮ್ಮ ಮೈಯೇ ಅಪರಾಧವೆಂದು ಕಲಿಸುತ್ತಿರುವವರಾರು?

ವಿಜಯಪುರ ಜಿಲ್ಲೆಯ ಹೊನವಾಡದಿಂದ ಬೆಂಗಳೂರಿನ ಚಿತ್ರೀಕರಣದ ಅಂಗಳಕ್ಕೆ ದಾರಿ ದೂರ. ಆದರೂ ಅಲ್ಲಿ ಸಿದ್ಧವಾದ ರೂಪದ ಅಳತೆಗೋಲು ಪ್ರತಿ ಸಂಜೆ ಇಂತಹ ಊರುಗಳ ಪಡಸಾಲೆಗೆ ಬಂದಿಳಿಯುತ್ತದೆ. ತೆರೆಯ ಮೇಲೆ ತೆಳ್ಳಗಿನವಳು ನಾಯಕಿ. ಸ್ಥೂಲಕಾಯರು ಬಹುಮಟ್ಟಿಗೆ ನಗೆಗೆ ಗುರಿ. ಇದನ್ನೇ ನೋಡಿ ಬೆಳೆದ ಹುಡುಗಿಯು, ಯಾರೂ ಹಂಗಿಸದಿದ್ದರೂ, ಕನ್ನಡಿಯ ಮುಂದೆ ತನ್ನನ್ನು ತಾನೇ ಹಂಗಿಸಿಕೊಳ್ಳುತ್ತಾಳೆ. ಪರರ ತಿರಸ್ಕಾರವನ್ನು ತನ್ನದೇ ತೀರ್ಪೆಂದು ಒಪ್ಪಿಕೊಳ್ಳುವುದಕ್ಕಿಂತ ಗಾಢವಾದ ದಾಸ್ಯವಿಲ್ಲ.

ಸ್ಥೂಲತೆಯಿಂದ ಮಧುಮೇಹ, ರಕ್ತದೊತ್ತಡಗಳು ಹೆಚ್ಚುವುದಿಲ್ಲವೆ ಎಂದು ವಿಚಾರವಂತರು ಕೇಳಬಹುದು. ಹೆಚ್ಚುವುದು ನಿಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡಾ 30ರಷ್ಟು ಮಂದಿ ಅಧಿಕ ತೂಕದವರು. ಶೇಕಡಾ 17ರಷ್ಟು ಮಂದಿ ತೀರ ಕೃಶರು. ಇವೆರಡರ ಹಿಂದೆಯೂ ಆಹಾರ, ದುಡಿಮೆ, ವಂಶ, ಆದಾಯಗಳ ಕಾರಣಗಳಿವೆ. ಇವನ್ನು ನಡತೆಯ ದೋಷವೆಂದು ಎಣಿಸುವುದು ಅನ್ಯಾಯ. ಎತ್ತರ–ತೂಕಗಳ ಲೆಕ್ಕವೊಂದರಿಂದಲೇ ರೋಗವನ್ನು ನಿಶ್ಚಯಿಸಬಾರದೆಂದು ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞಮಂಡಲಿಯೂ 2025ರ ಜನವರಿಯಲ್ಲಿ ಹೇಳಿದೆ. ರೋಗಕ್ಕೆ ವೈದ್ಯನು ಬೇಕು; ಅಪಹಾಸ್ಯವು ಔಷಧವಲ್ಲ. ನಾಚಿಕೆಗೆ ಸಿಕ್ಕವನು ದವಾಖಾನೆಯ ಮೆಟ್ಟಿಲನ್ನು ಹತ್ತಲೂ ಹಿಂಜರಿಯುತ್ತಾನೆ.

ಹಾಗಾದರೆ ಕರ್ತವ್ಯವೇನು? ಮೈಕಟ್ಟೇ ಒಬ್ಬರ ಸೋಲಿಗೆ ಕಾರಣವೆಂದು ಜಾಹೀರಾತುಗಳು ಸೂಚಿಸಕೂಡದೆಂದು ಭಾರತದ ಜಾಹೀರಾತು ಗುಣಮಟ್ಟ ಮಂಡಳಿಯು 2022ರ ಜೂನ್ ತಿಂಗಳಿನಲ್ಲಿಯೇ ಸೂಚನೆ ಕೊಟ್ಟಿತು. ಚಿತ್ರ ತೆಗೆಯುವವರೂ ಧಾರಾವಾಹಿ ಬರೆಯುವವರೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಲಿ. ದಪ್ಪಗಿರುವ ಹೆಂಗಸು ಕಥೆಯಲ್ಲಿ ಅಧ್ಯಾಪಿಕೆಯಾಗಲಿ, ಅಧಿಕಾರಿಣಿಯಾಗಲಿ, ಪ್ರೀತಿಗೆ ಪಾತ್ರಳಾಗಲಿ. ಆಕೆಯ ತೂಕದ ಮಾತೇ ಬೇಡ. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಮಕ್ಕಳ ತೂಕವನ್ನು ತರಗತಿಯೆದುರು ಕೂಗಿ ಹೇಳದೆ ಪಾಲಕರಿಗೆ ಮಾತ್ರ ತಿಳಿಸುವಂತೆ ಅಧಿಕಾರಿಗಳು ನೋಡಿಕೊಳ್ಳಲಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಮನೆಯ ಹಿರಿಯರಾದರೂ ಅಕ್ಕರೆಯ ಹೆಸರಿನಲ್ಲಿ ಮಗುವನ್ನು ‘ಡುಮ್ಮಿ’ಯೆಂದು ಕರೆಯುವ ಮುನ್ನ ಒಮ್ಮೆ ಯೋಚಿಸಲಿ.

ಕಾಯವನ್ನು ದೇಗುಲಕ್ಕೆ ಸಮವೆಂದು ಕಂಡ ಬಸವಣ್ಣನವರು ಹುಟ್ಟಿದ ಜಿಲ್ಲೆಯಿದು. ದೇಗುಲವನ್ನು ಶುಚಿಯಾಗಿಟ್ಟುಕೊಳ್ಳುವುದು ನಮ್ಮ ಧರ್ಮ. ಅದನ್ನು ತಕ್ಕಡಿಯಲ್ಲಿಟ್ಟು ಬೆಲೆ ಕಟ್ಟುವವರು ಯಾರೂ ಇಲ್ಲ.