ಲೈಸೆನ್ಸು ಎಂಬ ಗೇಣಿ

ಪರರ ಎಂಜಿನ್ನನ್ನು ಪರರ ಅಪ್ಪಣೆ ಪಡೆದು ನಮ್ಮ ನೆಲದಲ್ಲಿ ಕಟ್ಟುವುದಕ್ಕೆ ದೆಹಲಿಯ ಪ್ರಭುಗಳು ‘ಸ್ವಾವಲಂಬನೆ’ ಎಂದು ಹೆಸರಿಟ್ಟಿದ್ದಾರೆ. ಒಡೆಯನ ಹೊಲವನ್ನು ಉಳುವುದಕ್ಕೆ ಮಾಗಡಿ, ಕನಕಪುರಗಳ ನಮ್ಮ ಹಿರಿಯರು ಗೇಣಿ ಎನ್ನುತ್ತಿದ್ದರು. 1974ರ ಕಾನೂನು ಹೊಲದ ಗೇಣಿಯನ್ನು ತೆಗೆಯಿತು. ಕಾರ್ಖಾನೆಯ ಗೇಣಿ ಉಳಿದುಕೊಂಡಿದೆ.

ಲೈಸೆನ್ಸು ಪಡೆದೂ ಒಡೆತನ ಗಳಿಸಬಹುದು. ಅಮೆರಿಕದ ರೈಟ್ ಕಂಪನಿಯ ‘ಸೈಕ್ಲೋನ್’ ಎಂಜಿನ್ನನ್ನೇ ನೋಡಿ. ಗಾಡಿಚಕ್ರದ ಅರೆಗಳಂತೆ ಸುತ್ತಲೂ ಒಂಬತ್ತು ಸಿಲಿಂಡರು. ತಣಿಸಲು ನೀರು ಬೇಡ, ಎದುರುಗಾಳಿಯೇ ಸಾಕು. 1930ರ ದಶಕದಲ್ಲಿ ಸೋವಿಯತ್ ದೇಶ ಇದರ ಲೈಸೆನ್ಸು ಕೊಂಡು ಎಂ-25 ಎಂಬ ಹೆಸರಿನಲ್ಲಿ ಕಟ್ಟಿತು. ಅಷ್ಟಕ್ಕೇ ನಿಲ್ಲಲಿಲ್ಲ. ಶ್ವೆತ್ಸೋವ್ ಎಂಬ ಎಂಜಿನಿಯರರ ತಂಡ ಅದನ್ನು ತಿದ್ದಿ, ಬಲಪಡಿಸಿ ಎಂ-62 ಮಾಡಿತು; ಆ ವಂಶದ ಎಂಜಿನ್ನೇ ಮುಂದೆ ಆಂಟೊನೊವ್-2 ವಿಮಾನವನ್ನು ಹಾರಿಸಿತು. ಸ್ಟಾಲಿನ್ನನ ಕ್ರೌರ್ಯವನ್ನು ನಾವು ಒಪ್ಪುವವರಲ್ಲ. ಈ ಪಾಠವನ್ನು ಮರೆಯುವವರೂ ಅಲ್ಲ.

ಅದೇ ಸೈಕ್ಲೋನ್ ಬೆಂಗಳೂರಿಗೂ ಬಂದಿತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಬಂಡವಾಳದೊಡನೆ ಮೈಸೂರು ಸರ್ಕಾರ ಪ್ರಜೆಗಳ ಹಣವನ್ನೂ ಸೇರಿಸಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. 1942ರಲ್ಲಿ ಅಲ್ಲಿ ಸಿದ್ಧವಾದ ಕರ್ಟಿಸ್ ಹಾಕ್ ವಿಮಾನದ ಮೂತಿಯಲ್ಲಿದ್ದುದು ಇದೇ ಎಂಜಿನ್. ಆದರೆ ಅದು ಹೊರಗಿನಿಂದ ತರಿಸಿದ ಸರಕು. ಅದೇ ವರ್ಷ ಬ್ರಿಟಿಷ್ ಸರ್ಕಾರ ವಿಮಾನ ಕಟ್ಟುವುದನ್ನು ಬಿಡಿಸಿ ಕಾರ್ಖಾನೆಯನ್ನು ದುರಸ್ತಿಗೆ ಹಚ್ಚಿತು. ಬಿಚ್ಚಿ ಜೋಡಿಸುವ ಕೈ ನಮ್ಮದು, ನಕ್ಷೆ ಅವರದು!

ಸ್ವಾತಂತ್ರ್ಯ ಬಂತು, ಜೆಟ್ ಬಂತು, ಗೇಣಿ ಹೋಯಿತೆ? 1961ರಲ್ಲಿ ಹಾರಿದ ಮಾರುತ ವಿಮಾನಕ್ಕೆ ಬ್ರಿಟನ್ನಿನ ಆರ್ಫಿಯಸ್ ಎಂಜಿನ್ನನ್ನು ಬೆಂಗಳೂರಿನಲ್ಲೇ ಲೈಸೆನ್ಸಿನ ಮೇಲೆ ಕಟ್ಟಿದರು. ಅದರ ಬಲ ಸಾಲದೆ ಮಾರುತ ಸೊರಗಿತು. ತೇಜಸ್‌ಗಾಗಿ 2021ರಲ್ಲಿ ಅಮೆರಿಕದ ಜಿ.ಇ. ಕಂಪನಿಗೆ 99 ಎಂಜಿನ್ ಕೇಳಿದರು. ಮೊದಲನೆಯದು ಕೈಸೇರಿದ್ದು 2025ರ ಮಾರ್ಚಿನಲ್ಲಿ. ಅದೇ ಕಂಪನಿಯ ಎಫ್-414 ಎಂಜಿನ್ನನ್ನು ಇಲ್ಲೇ ಕಟ್ಟುವ ಒಡಂಬಡಿಕೆಗೆ 2023ರಲ್ಲಿ ಸಹಿ ಬಿತ್ತು.

ನಮ್ಮವರಿಗೆ ಕೈಕೆಲಸ ಬಾರದೆ? ಚನ್ನಪಟ್ಟಣದ ಬೊಂಬೆ ಮಾಡುವವರು ಮರ ಆರಿಸುವುದರಿಂದ ಲೇತಿನ ಮೇಲೆ ಅರಗು ಹಚ್ಚುವವರೆಗೆ ಇಡೀ ಬೊಂಬೆಯನ್ನು ಬಲ್ಲರು. ರಾಮನಗರದ ರೀಲರುಗಳು ಗೂಡು ಮುಟ್ಟಿ ನೂಲಿನ ಗುಣ ಹೇಳಬಲ್ಲರು. ಇಂಥವರ ಮಕ್ಕಳು ಐ.ಟಿ.ಐ. ಮುಗಿಸಿ ಗುತ್ತಿಗೆ ಕೆಲಸಕ್ಕಾಗಿ ಕಾರ್ಖಾನೆಗಳ ಗೇಟಿನಲ್ಲಿ ನಿಲ್ಲಬೇಕಾಗಿದೆ. ಇವತ್ತು ಇದ್ದು ನಾಳೆ ಇಲ್ಲದ ಕೆಲಸಗಾರನಿಗೆ ಎಂಜಿನ್ನಿನ ಮರ್ಮವನ್ನು ಯಾರು ಕಲಿಸುತ್ತಾರೆ?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಲೈಸೆನ್ಸು ಒಪ್ಪಂದಗಳ ಷರತ್ತುಗಳು ಸಂಸತ್ತಿನ ಮುಂದೆ ಬರಲಿ. ನಕ್ಷೆಯನ್ನೂ ಲೋಹದ ಗುಟ್ಟನ್ನೂ ತಿದ್ದುವ ಹಕ್ಕನ್ನೂ ಕೊಡದ ಒಪ್ಪಂದಕ್ಕೆ ಸಹಿ ಬೇಡ. ಕೆಲಸ ಕಲಿತ ಕಾರ್ಮಿಕನಿಗೆ ಖಾಯಂ ಕೆಲಸ ಕೊಡಿ. ಉಳುವವನು ಹೊಲದೊಡೆಯನಾದ ನಾಡಿನಲ್ಲಿ ಕಟ್ಟುವವನು ಯಂತ್ರದೊಡೆಯನಾಗಬೇಡವೆ?