ಆಪರೇಷನ್‌ಗೆ ಮುಂಚೆ ಈ ಒಂದು ಮಾತು ಹೇಳಿ

ಪೂರ್ಣ ಅರಿವಳಿಕೆ ಕೊಟ್ಟು ಮಾಡುವ ಆಪರೇಷನ್ನಿನ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ವಾಕರಿಕೆ, ವಾಂತಿ ಆಗುತ್ತದೆ. ಹೊಟ್ಟೆಯ ಮೇಲೆ ಹಸಿ ಹೊಲಿಗೆ ಇರುವಾಗ ಒಂದೊಂದು ಓಕರಿಕೆಯೂ ಹಿಂಸೆಯೇ. ಆಪರೇಷನ್ ಅಂದಮೇಲೆ ಇದೆಲ್ಲ ಇದ್ದದ್ದೇ ಎಂದು ಸಹಿಸಿಕೊಳ್ಳುವವರೇ ಹೆಚ್ಚು. ಆದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು.

ಯಾರಿಗೆ ಆದೀತು ಎಂಬುದನ್ನು ಮೊದಲೇ ಅಂದಾಜು ಮಾಡಬಹುದು. 1999ರಲ್ಲಿ ಕ್ರಿಸ್ಟಿಯನ್ ಆಪ್ಫೆಲ್ ಮತ್ತು ಸಂಗಡಿಗರು ನಾಲ್ಕೇ ಪ್ರಶ್ನೆಗಳ ಲೆಕ್ಕ ಕೊಟ್ಟರು. ರೋಗಿ ಹೆಂಗಸೇ? ಧೂಮಪಾನ ಮಾಡದವರೇ? ಹಿಂದಿನ ಆಪರೇಷನ್ನಿನಲ್ಲಿ ಅಥವಾ ಪ್ರಯಾಣದಲ್ಲಿ ವಾಂತಿ ಆಗಿತ್ತೇ? ಆಮೇಲೆ ಮಾರ್ಫಿನ್ ಜಾತಿಯ ನೋವಿನ ಔಷಧ ಬೇಕಾಗುತ್ತದೆಯೇ? ಒಂದಕ್ಕೂ ಹೌದು ಎನ್ನದಿದ್ದರೆ ನೂರರಲ್ಲಿ ಸುಮಾರು 10 ಮಂದಿಗೆ ವಾಕರಿಕೆ ಅಥವಾ ವಾಂತಿ. ನಾಲ್ಕಕ್ಕೂ ಹೌದಾದರೆ ಸುಮಾರು 80 ಮಂದಿಗೆ. ನಮ್ಮ ಮನೆಯ ಹೆಂಗಸರಲ್ಲಿ ಹೆಚ್ಚಿನವರಿಗೆ ಮೊದಲೆರಡು ಪ್ರಶ್ನೆಗೆ ಉತ್ತರ ಆಗಲೇ ಹೌದಾಗಿರುತ್ತದೆ.

ಸಟಾಣಾ, ನಾಸಿಕದ ಕಡೆ ನೆಲೆಸಿರುವ ಕನ್ನಡ ಬಂಧುಗಳೇ, ಮೂರನೆಯ ಪ್ರಶ್ನೆಗೆ ಉತ್ತರ ನೀವೇ ಹೇಳಬೇಕು. ಸಪ್ತಶೃಂಗಿ ಗಡದ ಘಾಟಿನಲ್ಲೋ, ಊರಿಗೆ ಬಂದಾಗ ಚಾರ್ಮಾಡಿಯಲ್ಲೋ ನಿಮಗೆ ವಾಂತಿ ಆಗುತ್ತದೆಯೇ? ಅದನ್ನು ಅರಿವಳಿಕೆ ವೈದ್ಯರಿಗೆ ದಯವಿಟ್ಟು ತಿಳಿಸಿ. ಮರಾಠಿ ಸರಾಗವಾಗಿ ಬಾರದಿದ್ದರೆ ‘ಗಾಡಿ ಲಾಗತೇ’ ಎಂದರೂ ಸಾಕು. ಇಷ್ಟು ಸಣ್ಣ ವಿಷಯ ಹೇಳುವುದೇ ಎಂದು ಸಂಕೋಚಪಡಬೇಡಿ. ಗೊತ್ತಾದರೆ ಅವರು ಆಂಡಾನ್ಸೆಟ್ರಾನ್, ಡೆಕ್ಸಾಮೆಥಾಸೋನ್‌ನಂಥ ಔಷಧಗಳನ್ನು ವಾಂತಿಗೆ ಮೊದಲೇ ಕೊಡಬಲ್ಲರು. ಎರಡನ್ನೂ ಸೇರಿಸಿ ಕೊಟ್ಟರೆ ಫಲ ಹೆಚ್ಚು. ಸಾಧ್ಯವಿದ್ದಲ್ಲಿ ಬೆನ್ನಿಗೆ ಕೊಡುವ ಅರಿವಳಿಕೆಯನ್ನೇ ಆರಿಸಬಹುದು. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹೇಳಿ. ಡೆಕ್ಸಾಮೆಥಾಸೋನ್ ಸಕ್ಕರೆ ಏರಿಸುತ್ತದೆ.

ವಾಂತಿಯ ಭಯಕ್ಕೆ ಹಿಂದಿನ ರಾತ್ರಿಯಿಂದ ತೊಟ್ಟು ನೀರೂ ಕುಡಿಯದೆ ಬರುವವರಿದ್ದಾರೆ. ಬಹುತೇಕರು ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ಬರೀ ನೀರು ಕುಡಿಯಬಹುದು. ಲಘು ಆಹಾರಕ್ಕೆ ಆರು ಗಂಟೆಯ ಅಂತರ ಬೇಕು. ನಿಮ್ಮ ಮಟ್ಟಿಗೆ ಎಷ್ಟು ಎಂದು ವೈದ್ಯರನ್ನೇ ಕೇಳಿ, ಅವರು ಹೇಳಿದಂತೆ ನಡೆಯಿರಿ.

ಜೊತೆಗಿರುವವರೇ, ಕಣ್ಣು ಬಿಟ್ಟ ಕೂಡಲೇ ಚಹಾ ಕುಡಿಸುವ ಆತುರ ಬೇಡ. ಶುಶ್ರೂಷಕಿಯರು ಹೂಂ ಎಂದ ಮೇಲೆ ಗುಟುಕು ಗುಟುಕಾಗಿ ಕೊಡಿ. ಮಂಪರಿನಲ್ಲೇ ವಾಂತಿ ಬಂದರೆ ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಶುಶ್ರೂಷಕಿಯರನ್ನು ಕೂಗಿ.

ನಾಸಿಕದಲ್ಲಿ ಆಪರೇಷನ್ ಮುಗಿಸಿ ಸಟಾಣಾಕ್ಕೆ ಮರಳಲು ಸುಮಾರು 90 ಕಿ.ಮೀ. ದಾರಿ. ಹೊರಡುವ ಮುಂಚೆ ವಾಂತಿಯ ಮಾತ್ರೆ ಬರೆಸಿಕೊಳ್ಳಿ. ಮನೆಯಲ್ಲಿ ಕುಡಿದ ನೀರೂ ನಿಲ್ಲದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ. ಈ ಸಲ ವಾಂತಿಯಾಗಿದ್ದರೆ ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನೂ ನಮೂದಿಸಲು ಹೇಳಿ, ಚೀಟಿಯನ್ನು ಜೋಪಾನವಾಗಿಡಿ. ಮುಂದೆಂದಾದರೂ ಅರಿವಳಿಕೆ ಕೊಡುವ ವೈದ್ಯರು ಮೊದಲು ನೋಡಬೇಕಾದ ಸಾಲು ಅದು.